ನಗುವ ಗ್ರೀತೆಯ ಎರಡು ಕೊಳವೆಗಳು

ಫ್ರೌಕೆ ಗ್ರೀತೆಯ ಹೊಟ್ಟೆಯೊಳಗೆ ತಲೆ ತೂರಿಸಿದ್ದು ಒಂದು ಜೇಡರ ಬಲೆ ತೆಗೆಯುವುದಕ್ಕೆ. ಹತ್ತು ನಿಮಿಷದ ಕೆಲಸ. ಕಾಫಿ ಆರುವುದರೊಳಗೆ ಬಂದೆ ಎಂದು ಕಾಫಿ ಕೊಡುವ ಯಾಂಟಿನೆಗೆ ಹೇಳಿಯೇ ಬಗ್ಗಿದ್ದಳು. ಕಾಫಿ ಆರಿತು, ಅದರ ಜೊತೆ ತಲೆಗೊಂದೇ ಎಂದು ಇಡುವ ಬಿಸ್ಕತ್ತನ್ನು ಯಾರೋ ತಿಂದು ಮುಗಿಸಿದರು, ಫ್ರೌಕೆ ಮಾತ್ರ ಹೊರಗೆ ಬರಲಿಲ್ಲ.

ಗ್ರೀತೆ ಎಂದರೆ ಹೆಂಗಸಲ್ಲ, ಬೀದಿಯ ಆರ್ಗನ್. ಅವಳ ಮುಂಭಾಗದಲ್ಲಿ ಮರದ ಬೊಂಬೆಯೊಂದು ನಿಂತು ಹಾಡಿನ ತಾಳಕ್ಕೆ ತಲೆ ತಿರುಗಿಸುತ್ತ ಗಂಟೆ ಬಾರಿಸುತ್ತದೆ. ಕೆತ್ತಿದವನು ಬೊಂಬೆಯ ಬಾಯನ್ನು ಒಂದು ಕಡೆ ಸ್ವಲ್ಪ ಹೆಚ್ಚೇ ಎಳೆದುಬಿಟ್ಟಿದ್ದಾನೆ. ಊರಿನವರ ಗುಟ್ಟೆಲ್ಲ ಗೊತ್ತಿರುವವಳ ನಗು ಅದು. ಹಾಗಾಗಿ ಆಪಿಂಗೆಡಾಂ ಊರಿನಲ್ಲಿ ನೂರು ವರ್ಷದಿಂದ ಇಡೀ ಆರ್ಗನ್ನಿಗೇ ನಗುವ ಗ್ರೀತೆ ಎಂದು ಹೆಸರು. ಪಕ್ಕದ ದೊಡ್ಡ ಚಕ್ರ ತಿರುಗಿಸಿದರೆ ಒಳಗೆ ತಿದಿ ಉಸಿರು ತುಂಬಿಕೊಳ್ಳುತ್ತದೆ, ಮಡಿಚಿದ ರಟ್ಟಿನ ಪುಸ್ತಕ ಬಿಚ್ಚಿಕೊಳ್ಳುತ್ತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತದೆ, ರಟ್ಟಿನಲ್ಲಿ ತೂತು ಬಂದ ಕಡೆ ಆ ಸಾಲಿನ ಕೊಳವೆ ನುಡಿಯುತ್ತದೆ. ಹತ್ತನೇ ಸಾಲಿನ ತೂತಿಗೆ ಹತ್ತನೇ ಕೊಳವೆ. ಇಷ್ಟು ತಿಳಿದರೆ ಸಾಕು. ಇದಕ್ಕಿಂತ ಹೆಚ್ಚು ಬೇಕಾದವರು ಗುರುವಾರ ಷೆಡ್ಡಿಗೆ ಹೋಗಿ ವೊಬ್ಬೆಯನ್ನು ಕೇಳಲಿ, ಅವನು ಸಂಜೆಯವರೆಗೆ ಬಿಡುವುದಿಲ್ಲ.

ಈ ವೊಬ್ಬೆ ಡೈಕೆಮ 'ಗ್ರೀತೆಯ ಗೆಳೆಯರು' ಸಂಘದ ಅಧ್ಯಕ್ಷ. ಸಂಘದ ಪಟ್ಟಿಯಲ್ಲಿ ನಲವತ್ತೆಂಟು ಹೆಸರುಗಳಿವೆ, ಷೆಡ್ಡಿಗೆ ಬರುವವರು ಆರು ಜನ, ಅವರಲ್ಲಿ ಕೈ ಮಸಿ ಮಾಡಿಕೊಳ್ಳುವವರು ಮೂವರು. ಉಳಿದವರಿಗೆ ಸಲಹೆ ಕೊಡುವುದೇ ಸೇವೆ. ಹಿಂದೆ ಬೆಂಕಿ ಆರಿಸುವ ಗಾಡಿ ನಿಲ್ಲುತ್ತಿದ್ದ ಆ ಷೆಡ್ಡಿನಲ್ಲಿ ಸಂಬಳ ಯಾರಿಗೂ ಇಲ್ಲ, ಜಗಳ ಎಲ್ಲರಿಗೂ ಇದೆ. ಜಗಳವಿಲ್ಲದೆ ಎಲ್ಲರೂ ಒಪ್ಪುವ ಕಟ್ಟಳೆ ಒಂದೇ ಒಂದು: ಗ್ರೀತೆಯನ್ನಾಗಲಿ ಅವಳ ಪುಸ್ತಕಗಳನ್ನಾಗಲಿ ಮುಟ್ಟಿ ಕೆಲಸ ಮಾಡಿದವರು ಮಾಡಿದ ಜಾಗದಲ್ಲೇ ಪೆನ್ಸಿಲಿನಿಂದ ಚಿಕ್ಕ ಸಹಿ ಹಾಕಬೇಕು. ಮೊಳೆ ಹೊಡೆದರೂ ಸಹಿ, ರಟ್ಟಿಗೆ ತೇಪೆ ಹಚ್ಚಿದರೂ ಸಹಿ. ಎಂದೋ ತೀರಿಕೊಂಡವರ ಸಹಿಗಳೂ ಗ್ರೀತೆಯೊಳಗೆ ಹಾಗೇ ಉಳಿದಿವೆ.

ಫ್ರೌಕೆ ಆವತ್ತು ನೋಡುತ್ತ ಕುಳಿತದ್ದು ಅಂಥದೇ ಒಂದು ಸಹಿಯನ್ನು. ಆದರೆ ಅದು ಸತ್ತವರದ್ದಲ್ಲ, ಅವಳದ್ದೇ.

ಜೇಡರ ಬಲೆ ಕಟ್ಟಿದ್ದು ಮೂವತ್ತೆರಡನೇ ಕೊಳವೆಯ ಬಾಯಿಗೆ. ಊದಿ ತೆಗೆಯೋಣವೆಂದು ಅವಳು ಆ ಮರದ ಕೊಳವೆಯನ್ನು ಗೂಡಿನಿಂದ ಎತ್ತಿದಳು. ಕೊಳವೆಯ ಕಾಲಿನ ಹತ್ತಿರ, ನೂರು ವರ್ಷದ ಹಿಂದೆ ಮಾಡಿದವನು ಕಾದ ಕಬ್ಬಿಣದಿಂದ ಒತ್ತಿದ ಅಂಕಿ ಜಿಡ್ಡಿನಡಿಯಲ್ಲಿ ಕಂಡಿತು. ಬೆರಳಿಂದ ಉಜ್ಜಿದಳು. ಮೂವತ್ತೊಂದು. ಪಕ್ಕದ ಮೂವತ್ತೊಂದನೇ ಗೂಡಿನಿಂದ ಇನ್ನೊಂದನ್ನು ಎತ್ತಿ ಉಜ್ಜಿದಳು. ಮೂವತ್ತೆರಡು. ಎರಡರ ಮೈಮೇಲೂ ಪೆನ್ಸಿಲಿನಲ್ಲಿ 'ಫ್ರೌ.ವಿ.' ಎಂದಿತ್ತು, ಹನ್ನೆರಡು ವರ್ಷದ ಹಿಂದಿನ ಜನವರಿಯ ತಾರೀಖಿನ ಸಮೇತ.

ಆ ಜನವರಿ ಅವಳಿಗೆ ಚೆನ್ನಾಗಿ ನೆನಪಿತ್ತು. ಕೊಳವೆಗಳನ್ನೆಲ್ಲ ಬಿಚ್ಚಿ, ಮೈಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಅಂಕಿ ಬರೆದು, ಮೇಜಿನ ಮೇಲೆ ಹರಡಿದ್ದರು. ಒಣ ಬಟ್ಟೆಯಲ್ಲಿ ಒರೆಸಿ ಎಂದು ವೊಬ್ಬೆ ಹೇಳಿದ್ದ. ಫ್ರೌಕೆಗೆ ಒಣ ಬಟ್ಟೆಯ ಮೇಲೆ ನಂಬಿಕೆಯಿಲ್ಲ. ಮನೆಯ ಹೊಸ್ತಿಲನ್ನು ದಿನಕ್ಕೆರಡು ಸಲ ತೊಳೆಯುವವಳು ಅವಳು. ಬಟ್ಟೆಯನ್ನು ಚೂರು ಒದ್ದೆ ಮಾಡಿಕೊಂಡಳು. ಧೂಳಿನ ಜೊತೆ ಎರಡು ಅಂಕಿಗಳೂ ಹೋದವು. ಎರಡು ಕೊಳವೆಗಳಿಗೂ ಉದ್ದದಲ್ಲಿ ಒಂದು ಬೆರಳಿನ ವ್ಯತ್ಯಾಸ. ಕಣ್ಣಳತೆಯಲ್ಲಿ ಇದೇ ಇರಬೇಕು ಎಂದುಕೊಂಡು ಇಟ್ಟಳು, ಸಹಿ ಹಾಕಿದಳು, ಬಟಾಣಿ ಸೂಪು ಬಿಸಿಯಾಗಿದೆ ಎಂದು ಕರೆದರೆಂದು ಎದ್ದು ಹೋದಳು. ನಲವತ್ತು ವರ್ಷ ಸೈಕಲ್ಲಿನಲ್ಲಿ ಇಡೀ ಊರಿಗೆ ಟಪಾಲು ಹಂಚಿ ಒಂದು ಕಾಗದವನ್ನೂ ತಪ್ಪು ಮನೆಗೆ ಹಾಕದವಳು, ಎರಡು ಕೊಳವೆಗಳನ್ನು ತಪ್ಪು ಗೂಡಿಗೆ ಹಾಕಿದ್ದಳು.

ಯಾರಿಗೂ ಹೇಗೆ ಗೊತ್ತಾಗಲಿಲ್ಲವೆಂದರೆ, ಆ ಎರಡು ಸ್ವರಗಳು ಹಳೆಯ ಹಾಡುಗಳಲ್ಲಿ ಅಪರೂಪದ ನೆಂಟರು. ವರ್ಷಕ್ಕೊಮ್ಮೆ ಶ್ರುತಿ ನೋಡುವವನು ಪ್ರತಿ ಕೊಳವೆಯೂ ಶ್ರುತಿಯಲ್ಲಿದೆಯೇ ಎಂದು ನೋಡುತ್ತಾನೆ, ತನ್ನ ಮನೆಯಲ್ಲೇ ಇದೆಯೇ ಎಂದು ನೋಡುವುದಿಲ್ಲ. ಅಲ್ಲೊಂದು ಇಲ್ಲೊಂದು ಹಾಡಿನಲ್ಲಿ ಅಪಸ್ವರ ಬಂದಾಗ ಎಲ್ಲರೂ ರಟ್ಟನ್ನು ಬೈದರು: ಹಳೇ ರಟ್ಟು, ಸವೆದು ತೂತು ಜರುಗಿದೆ. ಸರಿ, ಆ ತೂತಿಗೆ ತೇಪೆ ಹಚ್ಚು, ಪಕ್ಕದ ಸಾಲಿನಲ್ಲಿ ಹೊಸದು ಕೊರೆ. ಗ್ರೀತೆಯನ್ನು ಅನುಮಾನಿಸುವಷ್ಟು ಧೈರ್ಯ ಅವಳ ಗೆಳೆಯರಲ್ಲಿ ಯಾರಿಗೂ ಇರಲಿಲ್ಲ.

ಒಬ್ಬನನ್ನು ಬಿಟ್ಟು.

ರೈಂಟ್ ಬೂಲೆನ್ಸ್ ಹಡಗು ಕಟ್ಟುವ ಬಡಗಿ. ಗ್ರೀತೆಗೆ ಅರವತ್ತು ಪುಸ್ತಕ ಕೊರೆದವನು. ಎಲ್ಲವೂ ಇನ್ನೊಬ್ಬರ ಹಾಡುಗಳು. ಹೆಂಡತಿ ತೀರಿಕೊಂಡ ವರ್ಷ ಮೊದಲ ಬಾರಿಗೆ ತನ್ನದೇ ಒಂದು ವಾಲ್ಟ್ಸ್, ಜೋಡಿ ಕುಣಿತದ ಹಾಡು, ಕಟ್ಟಿ, ಚಳಿಗಾಲವಿಡೀ ಕುಳಿತು ಐವತ್ತು ಮೀಟರ್ ರಟ್ಟಿನಲ್ಲಿ ಕೊರೆದ. ಗ್ರೀತೆಯನ್ನು ಬಿಚ್ಚಿ ಒರೆಸಿ ಮೂರು ತಿಂಗಳಾಗಿತ್ತು, ಏಪ್ರಿಲ್. ಫ್ರೌಕೆಯೇ ಚಕ್ರ ತಿರುಗಿಸಿದಳು. ರೈಂಟನ ವಾಲ್ಟ್ಸಿನಲ್ಲಿ ಮೇಲಿನ ಹಾಡಿಗಿಂತ ಅದರ ಕೆಳಗೆ ಸಾಗುವ ನಡುದನಿಯೇ ಮುಖ್ಯ, ಆ ಅಪರೂಪದ ನೆಂಟರಿಬ್ಬರೂ ನಲವತ್ತು ಕಡೆ ಬರುತ್ತಿದ್ದರು. ನಲವತ್ತು ಕಡೆಯೂ ಗ್ರೀತೆ ಬಾಲ ತುಳಿದ ಬೆಕ್ಕಿನಂತೆ ಕೂಗಿದಳು. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಷೆಡ್ಡಿಗೆ ಷೆಡ್ಡೇ ನಕ್ಕಿತು.

"ಪುಸ್ತಕದಲ್ಲಿ ಒಂದೇ ಒಂದು ತೂತೂ ತಪ್ಪಿಲ್ಲ! ಗ್ರೀತೇನ ಬಿಚ್ಚಿ ನೋಡಿ!" ಎಂದು ರೈಂಟ್ ಮೇಜು ಗುದ್ದಿದ.

"ಈಗ ತಾನೇ ಬಿಚ್ಚಿ ಜೋಡಿಸಿದೀವಲ್ಲ ಮಾರಾಯ," ಎಂದ ವೊಬ್ಬೆ.

ಫ್ರೌಕೆ ಚಕ್ರದ ಹಿಂದಿನಿಂದಲೇ, ನಗುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಗ್ರೀತೆಗೇನೂ ಆಗಿಲ್ಲ ರೈಂಟ್, ನಿಮ್ಮ ಕಿವಿಗೆ ವಯಸ್ಸಾಯ್ತು ಅಷ್ಟೇ."

ಮುಂದಿನ ಗುರುವಾರದೊಳಗೆ ವೊಬ್ಬೆ, ಪಾಪ, ಉಪಕಾರವೆಂದುಕೊಂಡೇ, ಆ ನಲವತ್ತು ತೂತುಗಳಿಗೂ ತೇಪೆ ಹಚ್ಚಿ ಪಕ್ಕದಲ್ಲಿ ಹೊಸದು ಕೊರೆದಿಟ್ಟಿದ್ದ. ಕಟ್ಟಳೆಯ ಪ್ರಕಾರ ನಲವತ್ತು ಕಡೆ 'ವೊ.ಡೈ.' ಎಂದು ಸಹಿಯನ್ನೂ ಹಾಕಿದ್ದ. ರೈಂಟ್ ಬಂದ, ಪುಸ್ತಕ ಬಿಚ್ಚಿದ, ತೇಪೆಗಳನ್ನು ನೋಡಿದ, ಮುಚ್ಚಿಟ್ಟ, ಟೋಪಿ ಎತ್ತಿಕೊಂಡು ಹೊರಟ. ಹನ್ನೆರಡು ವರ್ಷವಾಯಿತು, ಆ ಬಾಗಿಲು ಮತ್ತೆ ತುಳಿದಿಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ ಎದುರಾದರೆ ಎಲ್ಲರೂ ನಮಸ್ಕಾರ ಹೇಳುತ್ತಾರೆ, ಗಾಳಿ ಜೋರಾಗಿದೆ ಎನ್ನುತ್ತಾರೆ, ಮುಂದೆ ಹೋಗುತ್ತಾರೆ.

ಫ್ರೌಕೆ ಎರಡು ಕೊಳವೆಗಳನ್ನೂ ಮಡಿಲಲ್ಲಿಟ್ಟುಕೊಂಡು ಗ್ರೀತೆಯೊಳಗೆ ಕುಳಿತೇ ಇದ್ದಳು. ಅವಳ ಮುಖ ಕಿವಿಯವರೆಗೆ ಬಿಸಿಯಾಗಿತ್ತು. ಮೊದಲು ಬಂದ ಯೋಚನೆ ಒಳ್ಳೆಯದೇನಲ್ಲ: ಸುಮ್ಮನೆ ಇದ್ದ ಹಾಗೇ ಇಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಒಂಬತ್ತು ದಿನಕ್ಕೆ, ಶನಿವಾರ, ಗ್ರೀತೆಗೆ ನೂರು ತುಂಬುವ ಹಬ್ಬ. ಊರಿಗೆಲ್ಲ ಡಂಗುರ ಹೊಡೆದಾಗಿದೆ. ಅವಳು ಕೊಳವೆಗಳನ್ನು ತಪ್ಪು ಗೂಡುಗಳಿಗೇ ಮರಳಿ ಇಟ್ಟಳು, ಹೊರಗೆ ಬಂದಳು, ತಣ್ಣನೆಯ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು.

"ಜೇಡ ಸಿಕ್ತಾ?" ಎಂದಳು ಯಾಂಟಿನೆ.

"ಸಿಕ್ತು," ಎಂದಳು ಫ್ರೌಕೆ. ಕೋಟು ಹಾಕಿಕೊಂಡು ಹೊರಟಳು. ದಾರಿಯಲ್ಲಿ ಒಂದು ಮಸಾಲೆ ಕೇಕು ಕೊಂಡಳು. ಬರಿಗೈಲಿ ಹೋಗಿ ಹೇಳುವ ವಿಷಯವಲ್ಲ ಅದು.

ರೈಂಟನ ಅಡುಗೆಮನೆ ಕಾಲುವೆಯ ನೀರಿನ ಮೇಲಕ್ಕೆ ಚಾಚಿಕೊಂಡಿತ್ತು. ಎಂಬತ್ತಾರರ ಮುದುಕ ಕಿಟಕಿಯ ಬಳಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದ.

"ಈ ಕಡೆ ಬಾ, ಬಲಗಡೆ. ಗಟ್ಟಿಯಾಗಿ ಮಾತಾಡು," ಎಂದ. "ಎಡಗಿವಿ ಹೋಯ್ತು. ಇದಕ್ಕೊಂದು ಯಂತ್ರ ತುರುಕಿದಾರೆ."

ಫ್ರೌಕೆ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು: ಜೇಡ, ಒದ್ದೆ ಬಟ್ಟೆ, ಸೀಮೆಸುಣ್ಣ, ಬಟಾಣಿ ಸೂಪು. ಗಟ್ಟಿಯಾಗಿ ಹೇಳಬೇಕಾದ್ದರಿಂದ ಕಾಲುವೆಯ ಆಚೆ ದಡದವರಿಗೂ ಕೇಳಿರಬೇಕು.

ರೈಂಟ್ ಆಲೂಗಡ್ಡೆ ಕೆಳಗಿಟ್ಟ. "ಎಷ್ಟನೇವು?"

"ಮೂವತ್ತೊಂದು, ಮೂವತ್ತೆರಡು."

"ಹೂಂ. ನಾನೂ ಅವೇ ಎರಡು ಅಂತ ಲೆಕ್ಕ ಹಾಕಿದ್ದೆ. ಆವತ್ತು ಸಂಜೇನೇ."

"ಅಯ್ಯೋ, ಹೇಳಬಹುದಿತ್ತಲ್ಲ ರೈಂಟ್!"

"ಯಾರಿಗೆ? ಕಿವಿಗೆ ವಯಸ್ಸಾಯ್ತು ಅಂದವಳಿಗಾ?"

ಫ್ರೌಕೆ ತಲೆ ತಗ್ಗಿಸಿದಳು. ಆ ಮಾತು ಅವನಿಗೆ ನೆನಪಿರಲಾರದೆಂದು ದಾರಿಯುದ್ದಕ್ಕೂ ಹಾರೈಸುತ್ತ ಬಂದಿದ್ದಳು. "ತಪ್ಪಾಯ್ತು. ಎರಡೂ ನನ್ನದೇ ತಪ್ಪು. ಕೊಳವೇದೂ, ಮಾತಿಂದೂ."

"ಆಗ ನೀನು ಹೇಳಿದ್ದು ಸುಳ್ಳು. ಈಗ ನೋಡು, ನಿಜ ಆಗ್ಬಿಟ್ಟಿದೆ." ರೈಂಟ್ ಕಿವಿಯ ಯಂತ್ರವನ್ನು ಬೆರಳಿಂದ ತಟ್ಟಿದ. "ಡಾಕ್ಟರಮ್ಮ ಹೇಳ್ತಾಳೆ, ಇದೂ ಇನ್ನೊಂದು ಚಳಿಗಾಲ ಕಂಡ್ರೆ ದೊಡ್ಡದು ಅಂತ. ಪಿಟೀಲೆಲ್ಲ ಈಗಲೇ ತಗಡು ಕೆರೆದ ಹಾಗೆ ಕೇಳ್ಸುತ್ತೆ. ಮರದ ದಪ್ಪ ಕೊಳವೆಗಳು ಮಾತ್ರ ಇನ್ನೂ ಸರಿಯಾಗಿ ಕೇಳ್ಸುತ್ವೆ. ಚರ್ಚಿನಲ್ಲಿ ಅದಕ್ಕೇ ಹೋಗಿ ಕೂರ್ತೀನಿ, ಉಪದೇಶಕ್ಕಲ್ಲ."

"ಹಾಗಾದ್ರೆ ಬನ್ನಿ. ಮುಂದಿನ ಶನಿವಾರ ಗ್ರೀತೆಗೆ ನೂರು. ನಿಮ್ಮ ವಾಲ್ಟ್ಸ್ ಹಾಕ್ತೀನಿ. ತೇಪೆ ಎಲ್ಲ ಕಿತ್ತು, ನೀವು ಕೊರೆದ ಹಾಗೇ."

ಅವನು ಸಂತೋಷಪಡುತ್ತಾನೆಂದು ಫ್ರೌಕೆ ಎಣಿಸಿದ್ದಳು. ರೈಂಟ್ ಸಿಪ್ಪೆಗಳನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ. "ಆ ಪುಸ್ತಕಾನೇ ಹಾಕ್ಬೇಕು ಅಂತೇನಿಲ್ಲ. ಬೇರೆ ಎಷ್ಟೊಂದು ಇವೆ."

"ಅದನ್ನೇ ಹಾಕೋದು."

"ವೊಬ್ಬೆಗೆ ಹೇಳಿದೀಯಾ ಇದೆಲ್ಲ?"

ಫ್ರೌಕೆ ಕೇಕಿನ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಇಲ್ಲಿ ಬಂದು ಹೇಳೋದು ಸುಲಭ ಕಣಮ್ಮ, ಇಬ್ಬರೇ ಇದೀವಿ. ಆವತ್ತು ನಕ್ಕಿದ್ದು ಇಡೀ ಷೆಡ್ಡು. ಹೋಗು, ಮೊದಲು ಅಲ್ಲಿ ಹೇಳು." ಅವಳು ಬಾಗಿಲ ಹತ್ತಿರ ಹೋದ ಮೇಲೆ ಮತ್ತೆ ಕರೆದ. "ಕೇಕ್ ಎಲ್ಲಿಗೆ ತಗೊಂಡು ಹೋಗ್ತಿದೀಯ? ಇಟ್ಟು ಹೋಗು."

ಶುಕ್ರವಾರ ಬೆಳಿಗ್ಗೆ ಷೆಡ್ಡಿನ ಉಳಿದ ಐವರನ್ನೂ ಕರೆಸಿ ಫ್ರೌಕೆ ಹೇಳಿದಳು. ಎರಡು ಕೊಳವೆಗಳನ್ನೂ ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿಟ್ಟು ಅಂಕಿಗಳನ್ನು ತೋರಿಸಿದಳು. ವೊಬ್ಬೆ ಕನ್ನಡಕ ಹಾಕಿಕೊಂಡು ನೋಡಿದ, ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಅಂಕಿ ಬದಲಾಗಲಿಲ್ಲ.

"ಒದ್ದೆ ಬಟ್ಟೇಲಿ ಒರೆಸಿದ್ಯಾ?" ಎಂದ ಕೊನೆಗೆ. "ಒಣ ಬಟ್ಟೆ ಅಂತ ಹೇಳಿದ್ದೆನಲ್ಲ ಮಾರಾಯ್ತಿ!"

"ನೀನು ಹೇಳಿದ್ದೆ. ನಾನು ಕೇಳಲಿಲ್ಲ."

ವೊಬ್ಬೆ ಎದ್ದು ಪುಸ್ತಕದ ಕಪಾಟಿನ ಉದ್ದಕ್ಕೂ ನಡೆದ. ರೈಂಟನ ನಲವತ್ತು ತೇಪೆಗಳಿಂದ ಅವನಿಗೆ ಕೈ ಪಳಗಿತ್ತು, ಈ ಹನ್ನೆರಡು ವರ್ಷದಲ್ಲಿ ಇನ್ನೂ ಇಪ್ಪತ್ತಮೂರು ಪುಸ್ತಕಗಳನ್ನು 'ರಿಪೇರಿ' ಮಾಡಿದ್ದ. ಕೊಳವೆಗಳು ತಮ್ಮ ಗೂಡಿಗೆ ಮರಳಿದವೋ, ಆ ಇಪ್ಪತ್ತಮೂರೂ ಪುಸ್ತಕಗಳು ಅಪಸ್ವರ ಹಾಡುತ್ತವೆ.

"ಹಬ್ಬ ಮುಗೀಲಿ, ಆಮೇಲೆ ನೋಡೋಣ," ಎಂದ. "ಕೊಳವೆ ಹೇಗಿವೆಯೋ ಹಾಗೇ ಇರ್ಲಿ. ಪುಸ್ತಕಗಳು ಅದಕ್ಕೆ ಹೊಂದಿಕೊಂಡಿವೆ. ನಾವೂ ಹೊಂದಿಕೊಂಡಿದೀವಿ. ಎಂಟು ದಿನದಲ್ಲಿ ಇಷ್ಟೂ ತೇಪೆ ಕೀಳೋಕಾಗುತ್ತಾ?"

"ಆಮೇಲೆ ಅಂದ್ರೆ ಮುಂದಿನ ಬೇಸಿಗೆ. ರೈಂಟ್ ಕಿವಿ ಅಲ್ಲಿವರೆಗೆ ಕಾಯಲ್ಲ ವೊಬ್ಬೆ."

"ಹನ್ನೆರಡು ವರ್ಷ ಮೂತಿ ಊದಿಸ್ಕೊಂಡು ಕೂತ ಮುದುಕ ಅವನು."

"ಸರಿಯಾಗಿ ಹೇಳಿದ ಮುದುಕ. ನಾವು ನಕ್ಕಿದ್ವಿ."

ವೊಬ್ಬೆ ಕೆಟ್ಟವನಲ್ಲ. ಆದರೆ ತನ್ನ ಸಹಿಯಿರುವ ನೂರಾರು ತೇಪೆಗಳೆಲ್ಲ ತಪ್ಪೆಂದು ಒಂದು ಕಪ್ ಕಾಫಿ ಮುಗಿಯುವುದರೊಳಗೆ ಒಪ್ಪಿಕೊಳ್ಳುವುದು ಯಾವ ಅಧ್ಯಕ್ಷನಿಗೂ ಕಷ್ಟವೇ. ವೋಟಿಗೆ ಹಾಕೋಣ ಎಂದ. ಆ ಸಂಘದಲ್ಲಿ ಕಿಟಕಿ ತೆಗೆಯುವುದಕ್ಕೂ ವೋಟು.

ಫ್ರೌಕೆ ವಾದಿಸಲಿಲ್ಲ. ಕಪಾಟಿನ ತುದಿಯಿಂದ ಅತಿ ಹಳೆಯ ಪುಸ್ತಕವೊಂದನ್ನು ಎಳೆದಳು, ಗ್ರೀತೆಯ ಜೊತೆಗೇ ಊರಿಗೆ ಬಂದ ಮೆರವಣಿಗೆಯ ಹಾಡು. ಅದರಲ್ಲಿದ್ದುದು ಬರೀ ಆರು ತೇಪೆ. ಒದ್ದೆ ಬಟ್ಟೆ ಹಾಸಿ (ಈ ಸಲ ಒದ್ದೆಯೇ ಬೇಕಿತ್ತು) ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದಳು. ಗೋಂದು ಕರಗಿ ಆರೂ ತೇಪೆಗಳು ಸುಲಿದು ಬಂದವು. ಪಕ್ಕದಲ್ಲಿ ಕೊರೆದ ಸುಳ್ಳು ತೂತುಗಳಿಗೆ ಕಾಗದ ಅಂಟಿಸಿದಳು, ಕೊಳವೆಗಳನ್ನು ಅವವುಗಳ ಗೂಡಿಗೆ ಇಟ್ಟಳು. ಎಲ್ಲರೂ ನೋಡುತ್ತಿದ್ದರು, ಬಿಸ್ಕತ್ತೂ ಹಾಗೇ ಉಳಿದಿತ್ತು. ಅವಳು ಚಕ್ರ ಹಿಡಿದಳು.

ಹಾಡು ಹೊರಟಿತು. ಎರಡನೇ ಸುತ್ತಿನಲ್ಲಿ ನಡುದನಿ ಒಂದೊಂದೇ ಮೆಟ್ಟಿಲು ಇಳಿದು, ತಿರುಗಿ, ನಿಧಾನವಾಗಿ ಹತ್ತಿತು. ಮೊದಲೆಲ್ಲ ಅಲ್ಲಿ ಒಂದು ಕುಂಟು ನಡೆ ಇರುತ್ತಿತ್ತು. ಹಳೇ ಹಾಡು, ಹಾಗೇ ಇರಬೇಕು ಎಂದುಕೊಂಡಿದ್ದರು. ಈಗ ಕುಂಟಲಿಲ್ಲ.

ವೊಬ್ಬೆಯ ಕೈಲಿದ್ದ ಕಪ್ಪು ಅರ್ಧದಲ್ಲೇ ನಿಂತಿತು. "ಇನ್ನೊಂದ್ಸಲ ಹಾಕು," ಎಂದ.

ಇನ್ನೊಂದು ಸಲ ಹಾಕಿದಳು. ಅದೇ ಜಾಗ ಬಂದಾಗ ವೊಬ್ಬೆ ತುಟಿ ಮುಂದೆ ಮಾಡಿ, ಆ ಇಳಿಜಾರಿನ ಜೊತೆಗೇ ಸಿಳ್ಳೆ ಹಾಕಿದ. ಅರವತ್ತೆಂಟು ವರ್ಷದ ಗಂಡಸಿನ ಕಣ್ಣು ಒದ್ದೆಯಾಗಿತ್ತು. ಅವನಪ್ಪ ಇದೇ ಚಕ್ರವನ್ನು ಮೂವತ್ತು ವರ್ಷ ತಿರುಗಿಸಿದ್ದವನು.

"ಅಪ್ಪ ಇಲ್ಲೇ ಸಿಳ್ಳೆ ಹಾಕ್ತಿದ್ದ. ದಿನಾ. ಇದನ್ನೇ ನಾನು ತೇಪೆ ಹಾಕಿ ಮುಚ್ಚಿದ್ನಾ?" ಅವನು ಮೂಗು ಒರೆಸಿಕೊಂಡು ಕೋಟು ಎತ್ತಿಕೊಂಡ. "ಮನೇಲಿ ಇನ್ನೊಂದು ಇಸ್ತ್ರಿಪೆಟ್ಟಿಗೆ ಇದೆ. ತರ್ತೀನಿ."

ಎಂಟು ದಿನ ಆ ಷೆಡ್ಡು ಮಡಿವಾಳರ ಅಂಗಡಿಯ ಹಾಗಿತ್ತು. ಸಲಹೆ ಕೊಡುವವರನ್ನೂ ಬಿಡದೆ ಕತ್ತರಿ ಕೊಟ್ಟು ಕೂರಿಸಿದರು. ವೊಬ್ಬೆ ತನ್ನ ಹಳೆಯ ಸಹಿಗಳನ್ನು ಒಂದೊಂದಾಗಿ ಹೊಡೆದುಹಾಕಿ ಪಕ್ಕದಲ್ಲಿ ಹೊಸ ಸಹಿ ಹಾಕುತ್ತ ಹೋದ, ನಡುನಡುವೆ ತನಗೆ ತಾನೇ ಬೈದುಕೊಂಡ. ರೈಂಟನ ಪುಸ್ತಕವನ್ನು ಮಾತ್ರ ಫ್ರೌಕೆ ಯಾರಿಗೂ ಕೊಡಲಿಲ್ಲ. ನಲವತ್ತು ತೇಪೆಗಳನ್ನು ಒಬ್ಬಳೇ ಸುಲಿದಳು, ನಲವತ್ತು ಸುಳ್ಳು ತೂತು ಮುಚ್ಚಿದಳು, ಎರಡು ಸಲ ಎಣಿಸಿದಳು. ತೇಪೆಯಡಿಯಲ್ಲಿ ರೈಂಟ್ ಕೊರೆದ ತೂತುಗಳ ಅಂಚು ಇನ್ನೂ ಚೂಪಾಗಿತ್ತು. ಎರಡು ಕೊಳವೆಗಳ ಮೇಲೆ ಹಳೆಯ ಸಹಿಯ ಕೆಳಗೆ ಬರೆದಳು: 'ತಪ್ಪಾಗಿ ಇಟ್ಟವಳೂ ನಾನೇ. ಸರಿಯಾಗಿ ಇಟ್ಟವಳೂ ನಾನೇ. ಫ್ರೌ.ವಿ.'

ಒಂದು ಸಲ ಓಡಿಸಿ ನೋಡೋಣ ಎಂದು ವೊಬ್ಬೆ ಎಷ್ಟೋ ಹೇಳಿದ. ಫ್ರೌಕೆ ಒಪ್ಪಲಿಲ್ಲ. "ಮೊದಲು ಅವರ ಕಿವಿಗೇ ಬೀಳ್ಲಿ," ಎಂದಳು.

ಶನಿವಾರ ಬಿಸಿಲು, ಜೊತೆಗೆ ಸಮುದ್ರದ ಕಡೆಯಿಂದ ಬೀಸುವ ಮಾಮೂಲಿ ಗಾಳಿ. ಚೌಕದಲ್ಲಿ ಗ್ರೀತೆ ಹೊಸ ರಿಬ್ಬನ್ನು ಕಟ್ಟಿಕೊಂಡು ನಗುತ್ತಿದ್ದಳು. ಕರಿದ ಮೀನಿನ ಗಾಡಿಯ ಮುಂದೆ ಎಷ್ಟು ಜನವೋ ಗ್ರೀತೆಯ ಮುಂದೆಯೂ ಅಷ್ಟೇ ಜನ, ಅದು ಆ ಊರಿನಲ್ಲಿ ದೊಡ್ಡ ಗೌರವ. ಯಾಂಟಿನೆ ಹಿತ್ತಾಳೆ ಡಬ್ಬಿಯನ್ನು ತಾಳಕ್ಕೆ ಸರಿಯಾಗಿ ಕುಲುಕುತ್ತ ಸುತ್ತುತ್ತಿದ್ದಳು. ನಾಲ್ಕು ಹಾಡಾಯಿತು, ಐದಾಯಿತು. ರೈಂಟ್ ಕಾಣಲಿಲ್ಲ.

"ಹಾಕೇ, ಬರೋರು ಬರ್ತಾರೆ," ಎಂದ ವೊಬ್ಬೆ.

"ಇನ್ನೊಂದೇ ಹಾಡು."

"ಹೀಗೇ ಇನ್ನೊಂದೇ ಅಂತ ಮೂರು ಹಾಕಿದೀಯ."

ಫ್ರೌಕೆಗೆ ಕೈಗಿಂತ ಎದೆ ಸೋಲುತ್ತಿತ್ತು. ಬಾರದೇ ಇದ್ದರೆ ಈ ಎಂಟು ದಿನ ಮಾಡಿದ್ದೆಲ್ಲ ತನ್ನ ಸಮಾಧಾನಕ್ಕೆ ಮಾತ್ರ ಎಂದಾಗುತ್ತದೆ. ಆರನೇ ಹಾಡಿನ ಕೊನೆಯಲ್ಲಿ ಚೀಸಿನ ಗಾಡಿಯ ಮರೆಯಲ್ಲಿ ಒಂದು ಟೋಪಿ ಕಂಡಿತು. ಹನ್ನೆರಡು ವರ್ಷದ ಹಿಂದಿನದೇ ಟೋಪಿ. ಅವಳು ತಡಮಾಡದೆ ಪುಸ್ತಕ ಹೂಡಿದಳು.

ವೊಬ್ಬೆ ಕೆಮ್ಮಿ ಗಂಟಲು ಸರಿಮಾಡಿಕೊಂಡು ಜನರ ಕಡೆ ತಿರುಗಿದ. "ಈ ವಾಲ್ಟ್ಸು ರೈಂಟ್ ಬೂಲೆನ್ಸ್ ಅವರದ್ದು. ಹನ್ನೆರಡು ವರ್ಷದ ಹಿಂದೆ ಒಂದೇ ಒಂದು ಸಲ ಓಡ್ತು. ಆವತ್ತು ನಾವು ನಕ್ಕಿದ್ವಿ. ತಪ್ಪು ನಮ್ದು."

"ನನ್ನದು!" ಎಂದು ಚಕ್ರದ ಹಿಂದಿನಿಂದ ಫ್ರೌಕೆ ಕೂಗಿದಳು. ಚೀಸಿನ ಗಾಡಿಯವರೆಗೂ ಕೇಳಲಿ ಎಂದೇ ಕೂಗಿದಳು.

ಆಮೇಲೆ ತಿರುಗಿಸಿದಳು. ಮೇಲೆ ಸಣ್ಣ ಕೊಳವೆಗಳು ಹಾಡನ್ನು ಎತ್ತಿಕೊಂಡವು, ಕೆಳಗೆ ನಡುದನಿ ತನ್ನ ಪಾಡಿಗೆ ತಾನು ಹೊರಟು, ಆಗಾಗ ಹಾಡನ್ನು ಮುಟ್ಟಿ, ಮತ್ತೆ ಹಿಂದುಳಿದು, ಮತ್ತೆ ಬಂದು ಸೇರುತ್ತಿತ್ತು. ಇಬ್ಬರು ಎಷ್ಟೋ ವರ್ಷ ಒಟ್ಟಿಗೆ ನಡೆದಾಡಿದ ಹಾಗಿತ್ತು ಅದು. ಮೂವತ್ತೊಂದು, ಮೂವತ್ತೆರಡು ಬಂದಲ್ಲೆಲ್ಲ ಸ್ವರ ಬೆಣ್ಣೆಯಷ್ಟು ಮೆತ್ತಗೆ ಕೂತಿತು. ಇಷ್ಟು ಚೆಂದದ್ದಕ್ಕೆ ನಾನು ನಕ್ಕೆನಲ್ಲ ಎಂದು ಫ್ರೌಕೆಗೆ ಅಳು ಬಂತು, ಅತ್ತಳು. ತೋಳು ಮಾತ್ರ ಅಲುಗಲಿಲ್ಲ.

ಕೊನೆಗೆ ಇನ್ನು ಮೂರು ಮಡಿಕೆ ಇದೆ ಎನ್ನುವಾಗ ಒಂದು ಕೊಳವೆ ಕಿರಿಚಿತು.

ಒಂದೇ ಒಂದು ಸಲ, ಚಿಕ್ಕದಾಗಿ. ಜನರಿಗೆ ತಿಳಿಯಲಿಲ್ಲ. ವೊಬ್ಬೆಯ ಕತ್ತು ಸರಕ್ಕನೆ ತಿರುಗಿತು. ಫ್ರೌಕೆ ತಿರುಗಿಸುತ್ತಲೇ ಲೆಕ್ಕ ಹಾಕಿದಳು: ಎರಡು ಸಲ ಎಣಿಸಿದ್ದೆ, ನಲವತ್ತೂ ಇತ್ತು, ಎಲ್ಲಿ ತಪ್ಪಿದೆ? ಹಾಡು ಮುಗಿಯಿತು, ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆ ಊರುಗೋಲು ಊರಿಕೊಂಡು ರೈಂಟ್ ನೇರವಾಗಿ ಗ್ರೀತೆಯ ಹಿಂಭಾಗಕ್ಕೆ ಬಂದ.

"ರೈಂಟ್, ನಾನು ಎಣಿಸಿದ್ದೆ, ದೇವರಾಣೆ, ನಲವತ್ತೂ..."

ರೈಂಟ್ ಪುಸ್ತಕದ ಕೊನೆಯ ಮಡಿಕೆಗಳನ್ನು ಬಿಚ್ಚಿದ. ಹುಡುಕಲಿಲ್ಲ. ಬೆರಳು ತಾನಾಗಿಯೇ ಒಂದು ತೂತಿನ ಮೇಲೆ ಹೋಗಿ ನಿಂತಿತು.

"ಇದು ನಿನ್ನದಲ್ಲ," ಎಂದ. "ಕೊಳವೇದೂ ಅಲ್ಲ. ಇದು ನನ್ನದು. ಒಂದು ಸಾಲು ಕೆಳಗೆ ಕೊರೆದುಬಿಟ್ಟಿದೀನಿ."

ವೊಬ್ಬೆ ಬಗ್ಗಿ ನೋಡಿದ. "ನಾನಿದನ್ನ ನೋಡೇ ಇಲ್ವಲ್ಲ! ಬರೀ ಆ ಎರಡು ಸಾಲಲ್ಲೇ ಹುಡುಕ್ತಿದ್ದೆ."

"ನಿಮಗೆ ಯಾವಾಗ ಗೊತ್ತಾಯ್ತು?" ಎಂದಳು ಫ್ರೌಕೆ.

"ಆವತ್ತೇ. ನಲವತ್ತು ಕೂಗಿನ ಮಧ್ಯ ನಲವತ್ತೊಂದನೇದು ನನ್ನದು ಅಂತ ಕೇಳ್ಸಿತು. ಆಗ ಕಿವಿ ಚೆನ್ನಾಗಿತ್ತು." ಮುದುಕನ ದನಿ ತಗ್ಗಿತು. "ಒಂದೇ ಒಂದು ತೂತೂ ತಪ್ಪಿಲ್ಲ ಅಂತ ಮೇಜು ಗುದ್ದಿದ್ನಲ್ಲ. ನೀವು ಕರೆದು ತಪ್ಪಾಯ್ತು ಅಂದ್ರೂ ಯಾವ ಮುಖ ಹೊತ್ಕೊಂಡು ಬರ್ಲಿ? ಸುಮ್ನೆ ಮನೇಲೇ ಕೂತೆ. ಇದೊಂದಕ್ಕೆ."

ಫ್ರೌಕೆ ಅವನ ಮುಖ ನೋಡಿದಳು. ಒದ್ದೆ ಬಟ್ಟೆಗೆ ಹನ್ನೆರಡು ವರ್ಷ, ಒಂದು ತೂತಿಗೆ ಹನ್ನೆರಡು ವರ್ಷ. ಅವಳಿಗೆ ನಗು ಬಂತು, ತಡೆದುಕೊಂಡಳು, ತಡೆಯಲಾಗಲಿಲ್ಲ. ಈ ಸಲ ರೈಂಟನೂ ನಕ್ಕ.

ವೊಬ್ಬೆ ಜೇಬಿನಿಂದ ಕಾಗದದ ಸುರುಳಿ ತೆಗೆದ, ಅಭ್ಯಾಸಬಲ.

"ಮುಟ್ಟಿದ್ರೆ ನೋಡು!" ಎಂದು ರೈಂಟ್ ಗದರಿದ. "ಇಲ್ಲಿ ಕೊಡು. ಚಾಕು ಕೊಡು. ನೀನು ರಟ್ಟು ಹಿಡ್ಕೋ ಫ್ರೌಕೆ, ನನ್ನ ಕೈ ಈಗ ನಡುಗುತ್ತೆ."

ಫ್ರೌಕೆ ರಟ್ಟು ಹಿಡಿದಳು. ಅವನು ತೂತಿಗೆ ತೇಪೆ ಹಚ್ಚಿದ, ಒಂದು ಸಾಲು ಮೇಲೆ ಹೊಸದು ಕೊರೆದ, ತುಂಬ ಹೊತ್ತು ತೆಗೆದುಕೊಂಡ. ಪಕ್ಕದಲ್ಲಿ ಪೆನ್ಸಿಲಿನಿಂದ 'ರೈ.ಬೂ.' ಎಂದು ಬರೆದು ಆ ದಿನದ ತಾರೀಖು ಹಾಕಿದ. ಆಮೇಲೆ ಗ್ರೀತೆಯ ಬಲಪಕ್ಕಕ್ಕೆ ಹೋಗಿ, ದಪ್ಪ ಕೊಳವೆಗಳಿರುವ ಹಲಗೆಗೆ ತನ್ನ ಒಳ್ಳೆಯ ಕಿವಿಯನ್ನು ಆನಿಸಿ ನಿಂತ.

"ಹೂಂ. ಮೊದಲಿಂದ ಹಾಕು."

ಫ್ರೌಕೆ ಮೊದಲಿಂದ ಹಾಕಿದಳು. ರೈಂಟ್ ಕಣ್ಣು ಮುಚ್ಚಿದ್ದ, ತುಟಿ ಲೆಕ್ಕ ಹಾಕುತ್ತಿತ್ತು. ಕೊನೆಯ ಮೂರು ಮಡಿಕೆ ಬಂದಾಗ ಗ್ರೀತೆಯ ಆರೂ ಗೆಳೆಯರು ಆ ಒಂದು ತೂತಿಗೇ ಕಿವಿಗೊಟ್ಟರು. ಸ್ವರ ತನ್ನ ಜಾಗದಲ್ಲಿ ನುಡಿದು ಮುಂದೆ ಹೋಯಿತು. ಮರದ ಬೊಂಬೆ ತಲೆ ತಿರುಗಿಸಿ ಗಂಟೆ ಬಾರಿಸಿತು.

ರೈಂಟ್ ಹಲಗೆಯಿಂದ ಕಿವಿ ತೆಗೆದು ಟೋಪಿ ಸರಿಮಾಡಿಕೊಂಡ.

"ಕಾಫಿ ಈಗಲೂ ಗುರುವಾರ ಹತ್ತಕ್ಕೇನಾ?" ಎಂದು ಕೇಳಿದ.

"ಹತ್ತಕ್ಕೇ," ಎಂದಳು ಯಾಂಟಿನೆ. "ಬಿಸ್ಕತ್ತು ಈಗಲೂ ಒಂದೇ."